ಬಾಗಿಲು ತೆಗೆಸುವ ಹಾಡು

ಉಳವಿ ಎಂದೊಡನೆ ಕೇಳಿದವರ ಮನಸ್ಸು ಜೋಯಿಡಾದ ಕಾಡು ಹೊಕ್ಕು ಚೆನ್ನಬಸವಣ್ಣನ ಗುಡಿಯ ಮುಂದೆ ನಿಲ್ಲುತ್ತದೆ. ನಾನು ಹೇಳುತ್ತಿರುವುದು ಸೊರಬ ತಾಲೂಕಿನ ಉಳವಿ. ಈ ಸೀಮೆಯಲ್ಲಿ ದೀಪಾವಳಿ ಬಂತೆಂದರೆ ಹಾಡಿಗೆ ಬೇರೆ ಸಭಾಂಗಣ ಬೇಡ, ಮನೆಯ ಜಗಲಿ ಸಾಕು.

ಬಲಿಪಾಡ್ಯಮಿಯ ರಾತ್ರಿ, ದೀಪ ಹಿಡಿದು ಮನೆಮನೆಗೆ ಹಾಡುತ್ತ ಹೋಗುವ ಅಂಟಿಗೆ-ಪಂಟಿಗೆಯವರು ಹೊರಡುತ್ತಾರೆ. ಗುಡಿಯಲ್ಲಿ ಹಚ್ಚಿಕೊಂಡ ದೀಪ ಹಬ್ಬ ಮುಗಿಯುವವರೆಗೆ ಆರಬಾರದು. ಹಾಗಾಗಿ ಗದ್ದೆಬಯಲಿನ ಗಾಳಿಗೆ ಅದನ್ನು ಕಂಬಳಿಯಲ್ಲಿ ಮರೆಮಾಡುವವನಿಗೆ ಹಾಡುವವನಿಗಿಂತ ಹೆಚ್ಚು ಕೆಲಸ. ಮುಂದಿನವರು ಎತ್ತಿಕೊಟ್ಟ ಸೊಲ್ಲನ್ನು ಹಿಂದಿನವರು ಹಿಡಿಯುತ್ತಾರೆ. ಮೊದಲ ಪದವೇ ಬಾಗಿಲು ತೆಗೆಸುವುದು. ಒಳಗಿನವರು ಎಚ್ಚರವಿದ್ದರೂ ಎದ್ದು ಬರುವ ಅವಸರ ತೋರಿಸುವುದಿಲ್ಲ. ಒಂದೇ ನುಡಿಗೆ ಚಿಲಕ ಸರಿದರೆ ಹಾಡಿದವರಿಗೇ ಸಪ್ಪೆ. "ತಡಿಯೇ ತಂಗಿ, ಇನ್ನೊಂದು ನುಡಿ ಹೇಳಲಿ" ಎನ್ನುವ ಅಜ್ಜಿ ಒಳಗೆ ಇರಲೇಬೇಕು. ಕದ ತೆರೆದ ಮೇಲೆ ಮನೆಯಾಕೆ ದೀಪಕ್ಕೆ ಎಣ್ಣೆ ಎರೆಯುತ್ತಾಳೆ. ಅಕ್ಕಿ, ಕಾಯಿ, ಒಂದಿಷ್ಟು ದುಡ್ಡು ಕೊಡುತ್ತಾಳೆ. ಟಿಕೆಟ್ಟೆಂದರೆ ಅದೇ, ಅದೂ ಆಟ ನೋಡಿದ ಮೇಲೆ. ಕೇಳುಗರಲ್ಲಿ ತೊಟ್ಟಿಲ ಮಗುವೂ ಉಂಟು, ಹಾಸಿಗೆ ಹಿಡಿದ ಮುದುಕನೂ ಉಂಟು. ಅಕ್ಕಿ ಚೀಲ ಹೊರಲು ಬಂದ ಹುಡುಗ ನಾಲ್ಕು ಮನೆ ದಾಟುವುದರೊಳಗೆ ಸೊಲ್ಲು ಹಿಡಿದಿರುತ್ತಾನೆ. ಅವನ ಸಂಗೀತ ಪಾಠಶಾಲೆ ಅಷ್ಟೇ.

ಎಲ್ಲ ವಯಸ್ಸಿನವರೂ ಕೂಡಿ ಹಾಡು ಕೇಳುವ ಇಂಥ ಜಾಗವನ್ನು ಅಮೆರಿಕದ ಬರ್ಕ್ಲಿಯಲ್ಲಿ ಬೇರೆ ಥರ ಕಟ್ಟಿಕೊಳ್ಳಬೇಕಾಯಿತು. ಅಲ್ಲಿ 21 ತುಂಬದವರಿಗೆ ಮದ್ಯ ಕೊಡುವಂತಿಲ್ಲ. ಬಾರಿನಲ್ಲಿ ಬ್ಯಾಂಡ್ ನುಡಿಸಿದರೆ ಹುಡುಗರಿಗೆ ಬಾಗಿಲಾಚೆಯೇ ಗತಿ. 1986ರ ಕೊನೆಯ ದಿನ ಗಿಲ್‌ಮನ್ ರಸ್ತೆಯ 924ನೇ ನಂಬರಿನ ಕಟ್ಟಡದಲ್ಲಿ ಪಂಕ್ ಸಂಗೀತದ ಅಡ್ಡೆಯೊಂದು ಶುರುವಾಯಿತು. ಮದ್ಯವಿಲ್ಲ, ವಯಸ್ಸಿನ ತಡೆಯಿಲ್ಲ, ನಡೆಸುವವರು ಸ್ವಯಂಸೇವಕರೇ. ಅಲ್ಲೇ ಬೆಳೆದ ಗ್ರೀನ್ ಡೇ ತಂಡ ದೊಡ್ಡ ಕಂಪನಿಯ ಜೊತೆ ಕರಾರು ಮಾಡಿಕೊಂಡಾಗ, ಅಂಥ ಕಂಪನಿಯ ತಂಡಗಳಿಗೆ ಜಾಗವಿಲ್ಲವೆಂಬ ಅಡ್ಡೆಯ ನಿಯಮದ ಪ್ರಕಾರ ಅದಕ್ಕೂ ಬಾಗಿಲು ಮುಚ್ಚಿತು. ಸ್ವಲ್ಪ ಅತಿಯಾಯಿತೇನೋ. ಆದರೂ ಆ ಹಟ ನನಗೆ ಹಿಡಿಸುತ್ತದೆ.

ಕಟ್ಟಡವೇ ಬೇಕೆಂದರೆ ಪಕ್ಕದ ಸಾಗರ ತಾಲೂಕಿನಲ್ಲಿ ಹೆಗ್ಗೋಡಿದೆ. 1949ರಲ್ಲಿ ಅಲ್ಲಿ ಹುಟ್ಟಿದ ನಾಟಕ ಸಂಸ್ಥೆ ನೀನಾಸಮ್‌ಗೆ 1972ರಲ್ಲಿ ಶಿವರಾಮ ಕಾರಂತ ರಂಗಮಂದಿರವಾಯಿತು. ಅದರ ಹಿಂದಿದ್ದ, ಅಡಿಕೆ ತೋಟದ ಮನೆಯ ಕೆ.ವಿ. ಸುಬ್ಬಣ್ಣನವರು ಅಷ್ಟಕ್ಕೇ ಸುಮ್ಮನಾಗಲಿಲ್ಲ. 1985ರಿಂದ ಅವರ 'ತಿರುಗಾಟ' ತಂಡ ನಾಟಕಗಳನ್ನು ಊರೂರಿಗೆ ಹೊತ್ತೊಯ್ದಿತು. ಮಂದಿರ ಕಟ್ಟಿಯೂ ಜನರ ಬಾಗಿಲಿಗೆ ಹೋಗುವುದು ಮಲೆನಾಡಿನವರ ಚಟವಿರಬೇಕು.

ಈಗ ಅಂಟಿಗೆ-ಪಂಟಿಗೆಗೆ ಸ್ಪರ್ಧೆಗಳೂ ಬಂದಿವೆ. ವೇದಿಕೆ, ಮೈಕು, ತೀರ್ಪುಗಾರರು, ಸಾಲು ಕುರ್ಚಿ. ಕಲೆ ಉಳಿಯುತ್ತದೆ, ತಂಡಕ್ಕೆ ನಾಲ್ಕು ಕಾಸು ಸಿಗುತ್ತದೆ, ಬೇಡವೆನ್ನಲು ನಾನ್ಯಾರು? ಆದರೆ ತಂಡದವರು ಮೊದಲು ಹಾಡುವುದು ಅಲ್ಲೂ ಬಾಗಿಲು ತೆಗೆಸುವ ಪದವನ್ನೇ. ವೇದಿಕೆಯ ಮೇಲೆ ಬಾಗಿಲೆಲ್ಲಿದೆ? ಮೂರು ನಿಮಿಷಕ್ಕೆ ಗಂಟೆ ಬಾರಿಸಿ ಇಳಿಸಿಬಿಡುತ್ತಾರೆ. ಇನ್ನೊಂದು ನುಡಿ ಕೇಳುವ ಅಜ್ಜಿಯನ್ನು ಯಾರೂ ತೀರ್ಪುಗಾರಳಾಗಿ ಕರೆದಿಲ್ಲ.