ಪೇಶಗಿ ಕೊಟ್ಟೆವು, ಮಗ್ಗ ಕಲಿಸಲಿಲ್ಲ

ಸಹೋದರಿಯರೇ, "ಈಗಿನ ಕಾಲದಲ್ಲಿ ಒಳ್ಳೆಯ ಕೆಲಸದವರು ಎಲ್ಲಿ ಸಿಗುತ್ತಾರೆ?" ಎಂಬ ಮಾತನ್ನು ನೀವೂ ಆಡಿರಬಹುದು. ಮನೆಗೆಲಸದವಳು ಬಿಟ್ಟು ಹೋದಾಗ, ಹೊಲಿಗೆಗೆ ಬರುತ್ತಿದ್ದ ಹುಡುಗಿ ನಿಂತಾಗ, ಅಂಗಡಿಯ ಹುಡುಗ ಹೇಳದೆ ಕೇಳದೆ ಮಾಯವಾದಾಗ ನಮ್ಮ ಬಾಯಿಗೆ ಮೊದಲು ಬರುವುದು ಇದೇ ಮಾತು. ನಾನೂ ವರ್ಷಗಟ್ಟಲೆ ಇದನ್ನೇ ಹೇಳಿಕೊಂಡು ಬಂದವಳು. ಈಗ ಹೇಳುವುದಿಲ್ಲ. ಏಕೆಂದು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿದೆ.

ನಾನು ಸೊಸೆಯಾಗಿ ಬಂದದ್ದು ನಿಪ್ಪಾಣಿ ತಾಲೂಕಿನ ಬೋರಗಾಂವಕ್ಕೆ. ಮನೆಯ ಹಿಂದೆ ಶೆಡ್ಡು, ಅದರಲ್ಲಿ ಹನ್ನೆರಡು ಪವರ್‌ಲೂಮ್ ಮಗ್ಗಗಳು. ಹೊಸದರಲ್ಲಿ ಅವುಗಳ ಖಟಪಟ ಸದ್ದಿಗೆ ನನಗೆ ನಿದ್ದೆಯೇ ಬರುತ್ತಿರಲಿಲ್ಲ. ಆಮೇಲೆ ಕರೆಂಟು ಹೋಗಿ ಸದ್ದು ನಿಂತರೆ ಎಚ್ಚರವಾಗುವಷ್ಟು ರೂಢಿಯಾಯಿತು.

ನಮ್ಮಲ್ಲಿ ಕಂಡಿಕೆ ಸುತ್ತಲು ಒಬ್ಬಳು ಬರುತ್ತಿದ್ದಳು. ಗಂಡ ತೀರಿಕೊಂಡಿದ್ದ, ಇಬ್ಬರು ಮಕ್ಕಳು. ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಕೊಳವೆಯೇ ಕಂಡಿಕೆ. ಅದು ಕೆಲವೇ ನಿಮಿಷಗಳಲ್ಲಿ ಖಾಲಿಯಾಗುತ್ತದೆ, ಮತ್ತೆ ತುಂಬಿದ್ದನ್ನು ಹಾಕಬೇಕು. ಸಡಿಲವಾಗಿ ಸುತ್ತಿದರೆ ಬಟ್ಟೆಯಲ್ಲಿ ಗಂಟು, ಬಿಗಿಯಾದರೆ ಎಳೆ ತುಂಡು. ಅವಳ ಕಂಡಿಕೆಯಲ್ಲಿ ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ. ಅಷ್ಟೇ ಅಲ್ಲ, ಕುಳಿತಲ್ಲಿಂದಲೇ ಸದ್ದು ಕೇಳಿ "ಭಾಭೀ, ಆರನೇ ಮಗ್ಗದಾಗ ಎಳೆ ಹರೀತು ನೋಡ್ರಿ" ಎನ್ನುತ್ತಿದ್ದಳು. ಹೋಗಿ ನೋಡಿದರೆ ಹರಿದಿರುತ್ತಿತ್ತು.

ಅವಳ ಮಗಳ ಮದುವೆಗೆ ನಾವು ಪೇಶಗಿ ಕೊಟ್ಟೆವು. ಸಹಾಯವೇ ಹೌದು. ಆದರೆ ಮನಸ್ಸಿನ ಮೂಲೆಯಲ್ಲಿ ಇನ್ನೊಂದು ಲೆಕ್ಕವಿತ್ತು: ಈ ಹಣ ತೀರುವವರೆಗೆ ಇವಳು ಎಲ್ಲಿಗೂ ಹೋಗಲಾರಳು. ಅಲ್ಲಾಹನು ಕ್ಷಮಿಸಲಿ, ಆ ಲೆಕ್ಕ ನನ್ನದೇ ಆಗಿತ್ತು.

ನಮ್ಮೂರಿನಿಂದ ಗಡಿ ದಾಟಿದರೆ ಇಚಲಕರಂಜಿ. 1904ರಲ್ಲಿ ಮೊದಲ ಯಂತ್ರಮಗ್ಗ ಬಂದ ಆ ಊರಿನಲ್ಲಿ ಇಂದು ಬದುಕೆಲ್ಲ ಮಗ್ಗದ ಸುತ್ತಲೇ. 1999ರಲ್ಲಿ ಕೇಂದ್ರ ಸರಕಾರ ಜವಳಿ ಯಂತ್ರಗಳ ನವೀಕರಣಕ್ಕೆ ಬಡ್ಡಿ ನೆರವಿನ ಯೋಜನೆ ತಂದ ಬಳಿಕ ದೇಶದ ನೇಕಾರಿಕೆಯ ಊರುಗಳಲ್ಲಿ ಲಾಳಿಯಿಲ್ಲದ ಮಗ್ಗಗಳು ಹೆಚ್ಚಾಗತೊಡಗಿದವು. ರೇಪಿಯರ್ ಮಗ್ಗದಲ್ಲಿ ಒಂದು ಲೋಹದ ಕೈ ಕೋನಿನಿಂದಲೇ ನೂಲನ್ನು ಎಳೆದು ತಂದು ಇನ್ನೊಂದು ಕೈಗೆ ಒಪ್ಪಿಸುತ್ತದೆ. ಏರ್‌ಜೆಟ್‌ನಲ್ಲಿ ಗಾಳಿಯೇ ನೂಲನ್ನು ಹೊತ್ತೊಯ್ಯುತ್ತದೆ. ಲಾಳಿ ಇಲ್ಲವೆಂದ ಮೇಲೆ ಕಂಡಿಕೆ ಎಲ್ಲಿಯದು? ಕಂಡಿಕೆ ಸುತ್ತುವವಳ ಕೆಲಸ ಎಲ್ಲಿಯದು?

ನಾವೂ ಸಾಲ ಮಾಡಿ ಎರಡು ಹಳೆಯ ರೇಪಿಯರ್ ಮಗ್ಗ ತಂದೆವು. ನಡೆಸುವುದನ್ನು ಕಲಿಸಲು ಇಬ್ಬರು ಹುಡುಗರನ್ನು ಆರಿಸಿದೆವು. ಆ ದಿನ ಅವಳು ಕೈಯೊರೆಸಿಕೊಳ್ಳುತ್ತ ನನ್ನ ಬಳಿ ಬಂದಳು.

"ಭಾಭೀ, ನನಗೂ ಆ ಮಗ್ಗ ಕಲಿಸ್ತೀರೇನ್ರಿ?"

ನಾನು ನಕ್ಕೆ. "ಅದು ಬಟನ್ ಒತ್ತೋ ಮಗ್ಗ, ನಿನಗ್ಯಾಕ ಅದರ ಉಸಾಬರಿ?" ಎಂದೆ. ಅವಳೂ ನಕ್ಕಳು. ಮತ್ತೆ ಕೇಳಲಿಲ್ಲ.

ನಾಲ್ಕು ತಿಂಗಳಲ್ಲಿ ಪೇಶಗಿಯ ಉಳಿದ ಹಣವನ್ನು ತಂದು ನನ್ನ ಕೈಗಿಟ್ಟಳು. ಕಿವಿಯಲ್ಲಿದ್ದ ಓಲೆ ಇರಲಿಲ್ಲ. ಅದನ್ನು ಮಾರಿದ್ದಳೆಂದು ನನಗೆ ಗೊತ್ತಾಯಿತು, ಆದರೂ ಕೇಳುವ ಧೈರ್ಯವಾಗಲಿಲ್ಲ. ಮರುದಿನದಿಂದ ಗಡಿಯಾಚೆಯ ಒಂದು ಕಾರ್ಖಾನೆಗೆ ಹೋಗತೊಡಗಿದಳು.

ನಾವು ಕಲಿಸಿದ ಹುಡುಗರಿಬ್ಬರೂ ವರ್ಷ ತುಂಬುವುದರೊಳಗೆ ಹೆಚ್ಚಿನ ಪಗಾರಕ್ಕೆ ಹೋದರು. ಬಟ್ಟೆಯಲ್ಲಿ ದೋಷಗಳು ಹೆಚ್ಚಿದವು, ವ್ಯಾಪಾರಿ ಪ್ರತಿ ಸಲ ಹಣ ಮುರಿದುಕೊಂಡ. ಸದ್ದು ಕೇಳಿಯೇ ಹರಿದ ಎಳೆ ಹೇಳುವ ಕಿವಿಯೊಂದು ನಮ್ಮ ಶೆಡ್ಡಿನಲ್ಲಿತ್ತು. ಅದರ ಬೆಲೆ ಎಷ್ಟೆಂದು ಆಗ ಲೆಕ್ಕದ ಪುಸ್ತಕ ಹೇಳಿತು.

ಇದು ನಮ್ಮ ಮನೆಯೊಂದರ ಕಥೆಯಲ್ಲ. ನಮ್ಮ ಪಕ್ಕದ ನಿಪ್ಪಾಣಿ ತಂಬಾಕಿಗೆ ಹೆಸರಾದ ಊರು. 1980ರ ಸುಮಾರಿಗೆ ಅಲ್ಲಿನ ತಂಬಾಕು ವಖಾರಿಗಳಲ್ಲಿ ದುಡಿಯುತ್ತಿದ್ದ ಸಾವಿರಾರು ಹೆಂಗಸರು ಸಂಘ ಕಟ್ಟಿದರು. ಯುಗಾಂತರ್ ಎಂಬ ಮಹಿಳೆಯರ ಚಿತ್ರತಂಡ 1982ರಲ್ಲಿ ಅವರ ಬಗ್ಗೆ 'ತಂಬಾಕು ಚಾಕಿಲಾ ಊಬ್ ಆಲಿ' ಎಂಬ ಮರಾಠಿ ಸಾಕ್ಷ್ಯಚಿತ್ರ ಮಾಡಿತು. ನ್ಯಾಯವಾದ ಕೂಲಿಯ ಜೊತೆಗೆ ಮನುಷ್ಯರಂತೆ ನಡೆಸಿಕೊಳ್ಳಿ ಎಂಬುದೂ ಅವರ ಬೇಡಿಕೆಯಾಗಿತ್ತು. ನಾಲ್ಕು ದಶಕಗಳ ನಂತರ ನನ್ನ ಶೆಡ್ಡಿನಲ್ಲಿ ಒಬ್ಬಳು ಕೈಯೊರೆಸಿಕೊಳ್ಳುತ್ತ ಕೇಳಿದ್ದೂ ಅದನ್ನೇ ಅಲ್ಲವೇ?

ಕಳೆದ ವರ್ಷ ಒಂದು ಮದುವೆಯಲ್ಲಿ ಅವಳು ಸಿಕ್ಕಳು. ಅಪ್ಪಿಕೊಂಡು ಮಕ್ಕಳ ಕ್ಷೇಮ ಕೇಳಿದಳು. ನಾನೇ ತಡೆಯಲಾರದೆ ಕೇಳಿದೆ, "ಅಲ್ಲಿ ಪಗಾರ ಬಾಳ ಐತೇನ?"

"ಸ್ವಲ್ಪ ಹೆಚ್ಚ ಐತ್ರಿ ಭಾಭೀ, ಬಸ್ಸಿಗೇ ಹೋಗ್ತೈತಿ. ಆದ್ರ ಅಲ್ಲಿ ಮೊದಲನೇ ದಿನಾನೇ ಮಗ್ಗ ಮುಟ್ಟಗೊಟ್ರು."

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ದುಡಿಯುವವರ ಬೆವರು ಮತ್ತು ಕೂಲಿಯ ಬಗ್ಗೆ ಪ್ರವಾದಿಯವರು(ಸ) ಕಲಿಸಿದ್ದು ನಮಗೆಲ್ಲ ಬಾಯಿಪಾಠ. ವಾರದ ಬಟವಡೆಯನ್ನು ನಾವು ಎಂದೂ ತಡಮಾಡಿದವರಲ್ಲ. ಅಷ್ಟಕ್ಕೇ ನಮ್ಮ ಹೊಣೆ ಮುಗಿಯಿತೆಂದುಕೊಂಡಿದ್ದೆ. ಕೆಲಸ ಬದಲಾಗುತ್ತಿರುವಾಗ ಕೈಕೆಳಗಿನವರನ್ನೂ ಆ ಬದಲಾವಣೆಯ ಜೊತೆ ಕರೆದೊಯ್ಯುವುದು ನಮ್ಮ ಹೊಣೆ ಎಂದು ಯೋಚಿಸಿರಲಿಲ್ಲ.

ಈಗ ನಮ್ಮಲ್ಲಿ ಕೆಲವು ರೂಢಿಗಳು ಬದಲಾಗಿವೆ. ಹೊಸ ಮಗ್ಗವನ್ನು ಕಲಿಯಬಯಸುವ ಯಾರಿಗೂ, ಹೆಂಗಸರಿಗೂ, ವಾರಕ್ಕೆರಡು ದಿನ ಕಲಿಸುತ್ತೇವೆ. ಆ ಹೊತ್ತಿನ ಪಗಾರ ಕಡಿಯುವುದಿಲ್ಲ. ಕಷ್ಟಕ್ಕೆ ಪೇಶಗಿ ಕೊಡುತ್ತೇವೆ, ಆದರೆ ಬಿಟ್ಟು ಹೋಗುವವರನ್ನು ಅದರ ಹೆಸರಿನಲ್ಲಿ ತಡೆಯುವುದಿಲ್ಲ. ಐವತ್ತು ಜನ ದುಡಿಯುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕೋಣೆ ಇರಬೇಕೆಂದು 2017ರಿಂದ ಕಾನೂನಿದೆ. ನಮ್ಮದು ಸಣ್ಣ ಶೆಡ್ಡು, ಆ ಕಾನೂನು ನಮ್ಮನ್ನು ಕೇಳುವುದಿಲ್ಲ. ಆದರೂ ನೂಲಿನ ಧೂಳಿನಿಂದ ದೂರ, ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ತೊಟ್ಟಿಲು ಕಟ್ಟಿಸಿದ್ದೇನೆ. ಇದಕ್ಕೆ ಆದ ಖರ್ಚು ಒಂದು ಹಬ್ಬದ ಸೀರೆಯಷ್ಟೂ ಇಲ್ಲ.

ಇದರಿಂದ ಯಾರೂ ಬಿಟ್ಟು ಹೋಗುವುದೇ ಇಲ್ಲವೆಂದು ನಾನು ಹೇಳಲಾರೆ. ಹೋಗುವವರು ಹೋಗುತ್ತಾರೆ. ಆದರೆ ಹೋದವರಲ್ಲಿ ಒಬ್ಬಳು ತನ್ನ ತಂಗಿಯನ್ನು ನಮ್ಮಲ್ಲಿಗೇ ಕೆಲಸಕ್ಕೆ ಕಳಿಸಿದ್ದಾಳೆ.

ಕಂಡಿಕೆಯವಳು ಮಾತ್ರ ಮರಳಿ ಬರಲಿಲ್ಲ. ಬಾ ಎಂದು ಕರೆಯಲು ನನಗೆ ಬಾಯಿಲ್ಲ.

ಸಹೋದರಿಯರೇ, ನಿಮ್ಮ ಮನೆಯಲ್ಲಿ ಮಗ್ಗ ಇಲ್ಲದಿರಬಹುದು. ಆದರೆ ಹೊಲಿಗೆ ಯಂತ್ರದ ಮುಂದೆ ಒಬ್ಬ ಹುಡುಗಿ, ಅಡುಗೆಮನೆಯಲ್ಲಿ ಒಬ್ಬ ಸಹಾಯಕಿ, ಓದು ಅರ್ಧಕ್ಕೆ ಬಿಟ್ಟು ಬಂದ ಒಬ್ಬ ಸೊಸೆ ಇರಬಹುದಲ್ಲವೇ? ಅವರಲ್ಲೊಬ್ಬರು ಎಂದಾದರೂ ಬಂದು "ನನಗೂ ಕಲಿಸುತ್ತೀರಾ?" ಎಂದು ಕೇಳಿದರೆ, ದಯವಿಟ್ಟು ನನ್ನಂತೆ ನಗಬೇಡಿ.