ಅರಿಯದ ಹಣ್ಣು

ಏನನ್ನು ಉಣ್ಣಬೇಕು, ಯಾವ ಹೊತ್ತಿನಲ್ಲಿ ಉಣ್ಣಬೇಕು, ನೀರನ್ನು ಹೇಗೆ ಸೋಸಬೇಕು ಎಂಬ ವಿವೇಕವು ಶ್ರಾವಕರ ಮನೆಗಳಲ್ಲಿ ಮಕ್ಕಳಿಗೆ ಚಿಕ್ಕಂದಿನಿಂದಲೇ ಮೈಗೂಡುತ್ತದೆ. ಇದು ದೊಡ್ಡ ಭಾಗ್ಯವೇ ಸರಿ. ಆದರೆ ಸಂಸ್ಕಾರವು ಅಭಿಮಾನವಾಗಿ, ಅಭಿಮಾನವು ಪರರ ತಟ್ಟೆಯ ಬಗೆಗಿನ ತಿರಸ್ಕಾರವಾಗಿ ತಿರುಗಲು ಹೆಚ್ಚು ಕಾಲ ಬೇಕಾಗುವುದಿಲ್ಲ. ಬೆಳಗಾವಿ ಸೀಮೆಯ ಒಂದು ಮನೆಯಲ್ಲಿ ದಶಲಕ್ಷಣ ಪರ್ವದ ಎರಡನೆಯ ದಿನ, ಉತ್ತಮ ಮಾರ್ದವದ ಸಂಜೆ, ಇಂಥದೊಂದು ಪ್ರಸಂಗ ನಡೆಯಿತು.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ಮೊಮ್ಮಗ ಪರ್ವಕ್ಕೆಂದು ಊರಿಗೆ ಬಂದಿದ್ದ. ಹೊತ್ತು ಮುಳುಗುವ ಮುನ್ನ ಎಲ್ಲರೂ ಊಟಕ್ಕೆ ಕುಳಿತಾಗ ಅವನು ತನ್ನ ಕಚೇರಿಯ ಸಹೋದ್ಯೋಗಿಯೊಬ್ಬನ ಸಂಗತಿ ತೆಗೆದ. ಒಡಿಶಾದ ಮಯೂರಭಂಜ ಜಿಲ್ಲೆಯವನಾದ ಆತ ಊರಿನಿಂದ ಕೆಂಪಿರುವೆಯ ಚಟ್ನಿಯನ್ನು ಕಟ್ಟಿಸಿಕೊಂಡು ಬಂದಿದ್ದನಂತೆ. ಮರದ ಎಲೆಗಳನ್ನು ಹೆಣೆದು ಗೂಡು ಕಟ್ಟುವ, ಮಲೆನಾಡಿನವರು ಚಗಳಿ ಎಂದು ಕರೆಯುವ ಇರುವೆಯೇ ಅದು. 2024ರಲ್ಲಿ ಆ ಚಟ್ನಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಕೇಳಿದವರೆಲ್ಲ ಮುಖ ಸಿಂಡರಿಸಿದರು. “ಇದನ್ನ ಮೊದಲ ತಿಂದಾಂವ ಎಂಥಾ ಹುಚ್ಚ ಇರಬೇಕು!” ಎಂದು ಮೊಮ್ಮಗ ನಕ್ಕ.

ಎಂಬತ್ತು ದಾಟಿದ ಅಜ್ಜಿ ಮಾತ್ರ ನಗಲಿಲ್ಲ. “ಅಂವಗ ಎಷ್ಟ ಹಸಿವಿತ್ತೋ ಏನೋ, ತಮ್ಮಾ. ಅದನ್ನ ಯಾರರೆ ಕೇಳಿದರೇನು?” ಎಂದರು.

ಆ ಮಾತಿನಲ್ಲಿ ತಥ್ಯವಿದೆ. ವಿಚಿತ್ರವೆಂದು ಕಾಣುವ ಆಹಾರಗಳನ್ನು ಮೊದಲು ಬಾಯಿಗಿಟ್ಟವರ ಹೆಸರು ಇತಿಹಾಸದಲ್ಲಿ ಉಳಿದಿಲ್ಲ. ಅವರಲ್ಲಿ ಕುತೂಹಲಕ್ಕಾಗಿ ತಿಂದವರಿಗಿಂತ ಹೊಟ್ಟೆಗಾಗಿ ತಿಂದವರೇ ಹೆಚ್ಚಿರಬೇಕು. ಮರಗೆಣಸಿನ ಉದಾಹರಣೆಯನ್ನೇ ನೋಡಬಹುದು. ದಕ್ಷಿಣ ಅಮೆರಿಕದ ಮೂಲನಿವಾಸಿಗಳು ಸಾವಿರಾರು ವರ್ಷಗಳ ಹಿಂದೆಯೇ ಕೃಷಿಗೆ ತಂದ ಗೆಡ್ಡೆ ಇದು. ಇದರ ಕಹಿ ಜಾತಿಗಳನ್ನು ಹಸಿಯಾಗಿ ತಿಂದರೆ ದೇಹದಲ್ಲಿ ಸಯನೈಡ್ ವಿಷ ಬಿಡುಗಡೆಯಾಗುತ್ತದೆ. ಆ ಜನರು ಅದನ್ನು ತುರಿದು, ಹೆಣೆದ ಚೀಲದಲ್ಲಿ ಹಿಂಡಿ ರಸ ತೆಗೆದು, ಉಳಿದ ಹಿಟ್ಟನ್ನು ಹುರಿದು ಉಣ್ಣುವುದನ್ನು ಕಂಡುಕೊಂಡರು. ಈ ಕ್ರಮದ ಒಂದೊಂದು ಹಂತವನ್ನು ಕಲಿಯುವಾಗಲೂ ಎಷ್ಟು ಜನ ನರಳಿದರೋ, ಎಷ್ಟು ಜನ ಸತ್ತರೋ ಲೆಕ್ಕವಿಟ್ಟವರಿಲ್ಲ. ಈ ನಾಡಿನ ಅಂಗಡಿಗಳಲ್ಲಿ ದೊರೆಯುವ ಸಾಬೂದಾಣಿ ತಯಾರಾಗುವುದು ಇದೇ ಗೆಡ್ಡೆಯಿಂದ.

ಕಲಿತ ವಿದ್ಯೆಯನ್ನೂ ಹಸಿವು ಮರೆಸಬಲ್ಲದು. 1981ರಲ್ಲಿ ಮೊಜಾಂಬಿಕ್ ದೇಶದ ನಂಪುಲಾ ಪ್ರಾಂತದಲ್ಲಿ ಭೀಕರ ಬರ ಬಿದ್ದಾಗ ಜನರು ಮರಗೆಣಸನ್ನು ಹದಗೊಳಿಸುವಷ್ಟು ದಿನ ಕಾಯಲಾರದೆ ಉಂಡರು. ಸಾವಿರಕ್ಕೂ ಹೆಚ್ಚು ಜನರ, ಅದರಲ್ಲಿಯೂ ಹೆಂಗಸರ ಮತ್ತು ಮಕ್ಕಳ ಕಾಲುಗಳು ಸೆಟೆದು ಶಾಶ್ವತವಾಗಿ ಶಕ್ತಿಗುಂದಿದವು. ಭಾರತದಲ್ಲಿಯೂ ಇಂಥದೇ ಕಥೆಯಿದೆ. ಮಳೆ ಕೈಕೊಟ್ಟರೂ ಬೆಳೆಯುವ ಕೇಸರಿ ಬೇಳೆಯನ್ನು ತಿಂಗಳುಗಟ್ಟಲೆ ಮುಖ್ಯ ಆಹಾರವಾಗಿ ಉಂಡವರಿಗೆ ಕಾಲಿನ ಪಾರ್ಶ್ವವಾಯು ಬರುತ್ತದೆ. ಮಧ್ಯಪ್ರದೇಶದ ರೀವಾ ಭಾಗದಲ್ಲಿ ಜೀತದಾಳುಗಳಿಗೆ ಇದೇ ಬೇಳೆಯನ್ನು ಕೂಲಿಯಾಗಿ ಕೊಡುತ್ತಿದ್ದರು. ಅದರ ಮಾರಾಟವನ್ನು ಸರಕಾರ ನಿಷೇಧಿಸಿದ್ದು 1961ರಲ್ಲಿ. ಅದನ್ನು ಉಂಡವರಿಗೆ ಅಪಾಯದ ಅರಿವು ಇರಲಿಲ್ಲವೆಂದಲ್ಲ, ಬೇರೆ ಅನ್ನವಿರಲಿಲ್ಲ.

ಅಜ್ಜಿಗೆ ಈ ದೂರದ ಕಥೆಗಳು ತಿಳಿದಿರಲಿಲ್ಲ. ಅವರಿಗೆ ತಿಳಿದಿದ್ದುದು ಮನೆತನದಲ್ಲಿ ಹೇಳಿಕೊಂಡು ಬಂದ ಒಂದು ಮಾತು. ಹಗೇವು ಬರಿದಾಗಿದ್ದ ಒಂದು ವರ್ಷ ಹಿರಿಯರು ಬುತ್ತಿ ಕಟ್ಟಿಕೊಂಡು ಸೂಪಾದ ಅಡವಿಗೆ ಹೋಗಿ ಬಿದಿರಕ್ಕಿ ಗುಡಿಸಿ ತಂದರಂತೆ. ಆ ಮಾತಿಗೆ ದಾಖಲೆಯ ಬೆಂಬಲವೂ ಉಂಟು. 1864ರಲ್ಲಿ ಸೂಪಾ ಕಾಡಿನ ಬಿದಿರು ಒಟ್ಟಿಗೇ ಹೂ ಬಿಟ್ಟು ಕಾಳು ಕಟ್ಟಿದಾಗ ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳಿಂದ ಸುಮಾರು 50,000 ಜನ ಅದನ್ನು ಆಯಲು ಬಂದರೆಂದು ಅಂದಿನ ಅಧಿಕಾರಿಗಳು ಬರೆದಿಟ್ಟಿದ್ದಾರೆ. ಬಯಲುಸೀಮೆಯ ಜೋಳದ ರೊಟ್ಟಿಯವರಿಗೆ ಬಿದಿರಿನ ಕಾಳು ಅಂದು ಇರುವೆಯ ಚಟ್ನಿಯಷ್ಟಲ್ಲದಿದ್ದರೂ ಸಾಕಷ್ಟು ವಿಚಿತ್ರವಾದ ಊಟವೇ ಆಗಿದ್ದಿರಬೇಕು. “ಆವತ್ತ ನಮ್ಮವರನ್ನ ನೋಡಿ ಯಾರೂ ನಕ್ಕಿರಲಿಕ್ಕಿಲ್ಲ” ಎಂದು ಅಜ್ಜಿ ಮೆಲ್ಲಗೆ ಹೇಳಿದರು.

ಹಾಗಾದರೆ ಹಸಿವು ಎಲ್ಲವನ್ನೂ ಸರಿಯಾಗಿಸುತ್ತದೆಯೇ? ಇಲ್ಲಿ ಶಾಸ್ತ್ರದ ದೃಷ್ಟಿ ಸೂಕ್ಷ್ಮವಾಗಿದೆ. ತ್ಯಾಜ್ಯ ವಸ್ತುಗಳಲ್ಲಿ ಅಜ್ಞಾತ ಫಲವೂ ಒಂದು, ಎಂದರೆ ಹೆಸರು ಗುಣಗಳನ್ನು ಅರಿಯದ ಹಣ್ಣು. ಶ್ವೇತಾಂಬರ ಪರಂಪರೆಯಲ್ಲಿ ಪ್ರಸಿದ್ಧನಾದ ವಂಕಚೂಲನು ಕಳ್ಳರ ನಾಯಕ. ಆಚಾರ್ಯರಿಂದ ಪಡೆದ ನಿಯಮಗಳಲ್ಲಿ ಅರಿಯದ ಹಣ್ಣನ್ನು ತಿನ್ನಬಾರದೆಂಬುದೂ ಒಂದಾಗಿತ್ತು. ಕಾಡಿನಲ್ಲಿ ಹಸಿದು ಬಳಲಿದಾಗ ಸಂಗಡಿಗರು ಸುಂದರವಾದ ಹಣ್ಣುಗಳನ್ನು ತಂದರು. ಇದರ ಹೆಸರೇನೆಂದು ಅವನು ಕೇಳಿದ. ಯಾರಿಗೂ ತಿಳಿದಿರಲಿಲ್ಲ. ಅವನು ತಿನ್ನಲಿಲ್ಲ, ತಿಂದವರು ಮಡಿದರು. ಅದು ಕಿಂಪಾಕವೆಂಬ ವಿಷಫಲವಾಗಿತ್ತು.

ಈ ಕಥೆಯನ್ನು ವ್ರತದ ಮಹಿಮೆಗಾಗಿ ಹೇಳುವುದು ವಾಡಿಕೆ. ಅದರಲ್ಲಿ ಇನ್ನೊಂದು ಪಾಠವೂ ಅಡಗಿದೆ. ಅದು ವಿಷದ ಹಣ್ಣೆಂಬ ಅರಿವು ಹುಟ್ಟಿದ್ದು ಸತ್ತ ಸಂಗಡಿಗರಿಂದ. ಇಂದು ನಿಶ್ಚಿಂತೆಯಿಂದ ಉಣ್ಣುವ ಪ್ರತಿಯೊಂದು ಕಾಳು, ಕಾಯಿ, ಸೊಪ್ಪಿನ ಹಿಂದೆಯೂ ಅಂಥ ಅನಾಮಧೇಯರ ಋಣವಿದೆ. ವ್ರತಿಯಾದವನು ಅವರಿಗಿಂತ ತಾನು ಮೇಲೆಂದು ಬೀಗುವ ಬದಲು, ಅವರಿಂದ ತಾನು ಉಳಿದೆನೆಂದು ನೆನೆಯುವುದೇ ಮಾರ್ದವ.

ಶ್ರಾವಕನ ವಿಚಾರವು ಇಷ್ಟಕ್ಕೇ ನಿಲ್ಲುವುದಿಲ್ಲ. ಇದು ತನ್ನನ್ನು ಕೊಲ್ಲುವುದೇ ಎಂಬುದು ಎಲ್ಲ ಜೀವಿಗಳೂ ಕೇಳುವ ಪ್ರಶ್ನೆ. ಇದರಿಂದ ಯಾರು ಸಾಯುತ್ತಾರೆ ಎಂಬುದು ಅವನ ಎರಡನೆಯ ಪ್ರಶ್ನೆ. ಮದ್ಯ, ಮಾಂಸ, ಮಧುಗಳೊಡನೆ ಐದು ಉದುಂಬರ ಫಲಗಳನ್ನೂ ತ್ಯಜಿಸಬೇಕೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿಧಿಸಿದ್ದಾರೆ. ಅತ್ತಿಯ ಹಣ್ಣು ವಿಷವಲ್ಲ, ರುಚಿಯಾದುದೇ. ಆದರೆ ಅದು ಒಳಮುಖವಾಗಿ ಅರಳಿದ ನೂರಾರು ಹೂಗಳ ಗೊಂಚಲು. ಒಂದು ಜಾತಿಯ ಪುಟ್ಟ ಕಣಜ ಅದರ ತುದಿಯ ಕಿರಿದಾದ ರಂಧ್ರದಿಂದ ಒಳನುಗ್ಗುತ್ತದೆ. ನುಗ್ಗುವಾಗ ರೆಕ್ಕೆ ಮುರಿದುಕೊಂಡು, ಮೊಟ್ಟೆಯಿಟ್ಟು ಅಲ್ಲಿಯೇ ಸಾಯುತ್ತದೆ. ಅದರ ಸಂತಾನ ಒಳಗೇ ಬೆಳೆಯುತ್ತದೆ. ಗಂಡುಗಳು ಹೊರದಾರಿಯನ್ನು ಕೊರೆದುಕೊಟ್ಟು ಸಾಯುತ್ತವೆ, ಹೆಣ್ಣುಗಳು ಪರಾಗವನ್ನು ಹೊತ್ತು ಹಾರಿಹೋಗುತ್ತವೆ. ಆಚಾರ್ಯರು ತ್ರಸಜೀವಗಳ ಆಶ್ರಯವೆಂದು ಕರೆದ ಆ ಹಣ್ಣನ್ನು ಇಂದಿನ ಜೀವವಿಜ್ಞಾನವು ಬಣ್ಣಿಸುವ ಬಗೆ ಇದು.

ಊಟ ಮುಗಿದಿತ್ತು. ಮೊಮ್ಮಗ ಮಕ್ಕಳಿಗೆಂದು ತಂದಿದ್ದ ಮಿಠಾಯಿಯ ಪೊಟ್ಟಣವನ್ನು ತೆಗೆದ. ಮಣಿಗಳಂತೆ ಹೊಳೆಯುವ ಬಣ್ಣದ ಗುಳಿಗೆಗಳು. “ಇದರಾಗ ಏನೈತಿ?” ಎಂದು ಅಜ್ಜಿ ಕೇಳಿದರು. “ಹಸಿರು ಚುಕ್ಕೆ ಐತೆಲ್ಲ, ಆಯೀ” ಎಂದ ಅವನು. ಅಜ್ಜಿಗೆ ಅದರಿಂದ ಸಮಾಧಾನವಾಗಲಿಲ್ಲ. ಅವನು ಸಣ್ಣ ಅಕ್ಷರಗಳನ್ನು ಓದತೊಡಗಿದ. ಹೊಳಪು ಕೊಡುವ ವಸ್ತು, 904 ಎಂದಿತ್ತು. ಫೋನಿನಲ್ಲಿ ಹುಡುಕಿದಾಗ ಅದು ಅರಗು ಎಂದು ತಿಳಿಯಿತು. ಮುತ್ತುಗ, ಬಾರಿ ಮುಂತಾದ ಮರಗಳ ರೆಂಬೆಗಳ ಮೇಲೆ ಅರಗಿನ ಕೀಟಗಳು ಸ್ರವಿಸುವ ಅಂಟು ಅದು. ರೆಂಬೆಯಿಂದ ಅದನ್ನು ಕೆರೆದು ತೆಗೆಯುವಾಗ ಕೀಟಗಳೂ ಸಾಯುತ್ತವೆ.  ಹಾಲು, ಜೇನು, ಜೇನುಮೇಣ, ಅರಗುಗಳನ್ನು ಕಾನೂನು ಮಾಂಸಾಹಾರವೆಂದು ಎಣಿಸುವುದಿಲ್ಲ. ಶ್ರಾವಕನ ಮೂಲಗುಣಗಳಲ್ಲಿಯೇ ವರ್ಜ್ಯವಾದ ಜೇನು ಸಹ ಹಸಿರು ಚುಕ್ಕೆಯಡಿ ಬರಬಹುದು. ಕಾನೂನಿನ ತಪ್ಪು ಇದಲ್ಲ. ಅದು ಎಲ್ಲರಿಗಾಗಿ ಮಾಡಿದ ಗುರುತು, ವ್ರತಿಗಳಿಗಾಗಿ ಮಾಡಿದ್ದಲ್ಲ.

ಒಂದು ಗಂಟೆಯ ಹಿಂದೆ ಇರುವೆಯ ಚಟ್ನಿಗೆ ನಕ್ಕಿದ್ದ ಹುಡುಗನ ಮುಖ ಬಾಡಿತು. ಸಹೋದ್ಯೋಗಿಗೆ ತನ್ನ ತಟ್ಟೆಯಲ್ಲಿ ಏನಿದೆ ಎಂಬುದಾದರೂ ಗೊತ್ತಿತ್ತು. ಅರಿಯದ ಹಣ್ಣು ಇದ್ದುದು ನಕ್ಕವನ ಕೈಯಲ್ಲಿಯೇ.

ಅಜ್ಜಿ ಗದರಿಸಲಿಲ್ಲ. ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಬರುವ ಖದಿರಸಾರನ ಕಥೆಯನ್ನು ಹೇಳಿದರು. ಅವನು ಬೇಟೆಯಾಡಿ ಬದುಕುವ ಬೇಡ. ಮದ್ಯಮಾಂಸಗಳನ್ನು ಬಿಡಲಾರೆನೆಂದಾಗ ಮುನಿಗಳು ಅವನನ್ನು ಹೇಸಿ ಕಳುಹಿಸಲಿಲ್ಲ. ಕಾಗೆಯ ಮಾಂಸವನ್ನು ಎಂದಾದರೂ ತಿಂದಿದ್ದೀಯಾ ಎಂದು ಕೇಳಿದರು. ಇಲ್ಲವೆಂದಾಗ, ಅದನ್ನಾದರೂ ಬಿಡು ಎಂದರು. ಮುಂದೆ ವ್ಯಾಧಿಗೆ ಅದೇ ಔಷಧವೆಂದು ವೈದ್ಯರು ಹೇಳಿದರೂ ಅವನು ನಿಯಮವನ್ನು ಮುರಿಯಲಿಲ್ಲ. ಆ ಜೀವವೇ ಮುಂದೆ ಶ್ರೇಣಿಕ ಮಹಾರಾಜನಾಗಿ ಜನಿಸಿತು. ಮುನಿಗಳ ಕರುಣೆಯು ಅವನ ತಟ್ಟೆಯನ್ನು ಅಳೆಯಲಿಲ್ಲ, ಅವನು ಇಡಬಲ್ಲ ಒಂದು ಹೆಜ್ಜೆಯನ್ನು ಹುಡುಕಿತು.

ಮರುದಿನ ಬಸದಿಯಲ್ಲಿ ಆ ಯುವಕನು ಚಿಕ್ಕದೊಂದು ನಿಯಮವನ್ನು ಸ್ವೀಕರಿಸಿದ. ಒಳಗೇನಿದೆಯೆಂದು ಓದಿ ತಿಳಿಯದ ಯಾವ ಪೊಟ್ಟಣದ ತಿಂಡಿಯನ್ನೂ ಮುಟ್ಟುವುದಿಲ್ಲ ಎಂದು. ಬೆಂಗಳೂರಿಗೆ ಮರಳಿದ ಮೇಲೆ ಆ ಸಹೋದ್ಯೋಗಿಯ ಪಕ್ಕದಲ್ಲಿ ಕುಳಿತು ತನ್ನ ಬುತ್ತಿ ಬಿಚ್ಚಿದ. ಆತನ ಊರಿನ ಕಾಡಿನ ಬಗ್ಗೆ, ಮಳೆ ಬೆಳೆಗಳ ಬಗ್ಗೆ ವಿಚಾರಿಸಿದ. ಚಟ್ನಿಯನ್ನು ಅವನು ತಿನ್ನಲಿಲ್ಲ, ತಿನ್ನುವುದೂ ಇಲ್ಲ. ನಗುವುದನ್ನು ಮಾತ್ರ ಬಿಟ್ಟಿದ್ದಾನೆ.