ನಾಲ್ಕು ಗೋಡೆಗಳ ಲೆಕ್ಕ

ಕಳೆದ ಮಾಘಮಾಸದಲ್ಲಿ ನಮ್ಮ ತಾಯಿಯವರಿಗೆ ಕಣ್ಣಿನ ಪೊರೆ ತೆಗೆಸಿದೆವು. ಅವರು ನಮ್ಮ ತಂಗಿಯ ಮನೆಯಿಂದ ಹಿಂದಿರುಗುವುದರೊಳಗಾಗಿ ಅವರ ಕೋಣೆಗೆ ಹೊಸ ಬಣ್ಣ ಬಳಿಸಬೇಕೆಂದು ನಮಗೆ ಮನಸ್ಸಾಯಿತು. ಬಹುಕಾಲ ಮಬ್ಬಾಗಿದ್ದ ಕಣ್ಣಿಗೆ ದಿನವೂ ಬೀಳುವ ಗೋಡೆಯಾದರೂ ಚೆನ್ನಾಗಿರಲೆಂಬುದು ನಮ್ಮ ಆಶೆ.

ಬಣ್ಣ ಬಳಿಯುವವನು ಬಾಗಿಲಲ್ಲಿ ನಿಂತು ಒಮ್ಮೆ ಸುತ್ತಲೂ ಕಣ್ಣಾಡಿಸಿ, “ಏಳು ಲೀಟರು ಬೇಕು ಸ್ವಾಮಿ” ಎಂದನು. ಅಳತೆಯ ಟೇಪನ್ನೂ ಮುಟ್ಟದೆ ಆಡಿದ ಆ ಮಾತು ನಮಗೆ ಹಿಡಿಸಲಿಲ್ಲ. ಮಿಕ್ಕ ಬಣ್ಣವು ಬೇರೆಯವರ ಮನೆ ಸೇರುವುದೆಂಬ ಸಂಶಯವೂ ಹುಟ್ಟಿತು. ಬಾಯಿಬಿಟ್ಟು ಹೇಳದಿದ್ದರೂ ಮುಖದಲ್ಲಿ ತೋರಿಸಿಕೊಂಡೆವು. ಕೋಣೆಯು 12 ಅಡಿ ಉದ್ದ, 10 ಅಡಿ ಅಗಲ; ಅಂದರೆ 120 ಚದರಡಿ. ಡಬ್ಬಿಯ ಮೇಲೆ ಒಂದು ಕೋಟಿಗೆ ಲೀಟರಿಗೆ ಸುಮಾರು 120 ಚದರಡಿ ಎಂದು ಅಚ್ಚಾಗಿತ್ತು. ಎರಡು ಕೋಟಿಗೆ 2 ಲೀಟರು ಸಾಕೆಂದು ಲೆಕ್ಕ ಹಾಕಿ, ಧಾರಾಳವಿರಲೆಂದು 4 ಲೀಟರು ತಂದೆವು. ಅವನು ಏನೂ ಹೇಳಲಿಲ್ಲ.

ವಾಚಕರು ನಮ್ಮ ಅವಿವೇಕವನ್ನು ಇಷ್ಟರಲ್ಲಿಯೇ ಕಂಡುಕೊಂಡಿರಬೇಕು. ಎರಡನೆಯ ದಿನ ಮಧ್ಯಾಹ್ನ, ಮೊದಲ ಕೋಟು ಮುಗಿದು ಎರಡನೆಯದು ಒಂದು ಗೋಡೆಗೆ ಬೀಳುವಷ್ಟರಲ್ಲಿ ಡಬ್ಬಿ ಬರಿದಾಯಿತು. ಶಾಲೆಯಿಂದ ಬಂದ ಮಗಳು ನಮ್ಮ ಲೆಕ್ಕದ ಚೀಟಿಯನ್ನು ನೋಡಿ, “ಅಪ್ಪಾ, ಇದು ನೆಲದ ವಿಸ್ತೀರ್ಣ ಅಲ್ಲವೇ?” ಎಂದಳು. ಉದ್ದ ಅಗಲಗಳನ್ನು ಕೂಡಿಸಿ ಇಮ್ಮಡಿಸಿದರೆ 44 ಅಡಿ ಸುತ್ತಳತೆ. ಅದನ್ನು 10 ಅಡಿ ಎತ್ತರದಿಂದ ಗುಣಿಸಿದರೆ 440 ಚದರಡಿ. ಬಾಗಿಲಿಗೆ 21, ಎರಡು ಕಿಟಕಿಗಳಿಗೆ 32 ಕಳೆದು ಉಳಿದದ್ದು 387. ಎರಡು ಕೋಟಿಗೆ 774. ಅಂದರೆ ಸುಮಾರು ಆರೂವರೆ ಲೀಟರು. ಸುಣ್ಣದ ಮೇಲ್ಛಾವಣಿ ಇದರಲ್ಲಿ ಸೇರಿಲ್ಲ. ಹಾಗಾದರೆ ಉಳಿದ ಅರ್ಧ ಲೀಟರು ಏಕೆಂದು ಈ ಸಲ ಮೆಲ್ಲಗೆ ಕೇಳಿದೆವು. ಗೂಡುಗಳ ಒಳಮೈ, ಕಿಟಕಿಯ ಪಕ್ಕದ ಗೋಡೆಯ ದಪ್ಪ, ಬುರುಸು ಕುಡಿಯುವುದು, ಇವೆಲ್ಲವನ್ನೂ ಅವನು ಒಂದೊಂದಾಗಿ ಕೈಯಿಟ್ಟು ತೋರಿಸಿದನು.

ಸಂಜೆ ಇನ್ನೂ 3 ಲೀಟರು ತಂದದ್ದಾಯಿತು. ಅಂಗಡಿಯಲ್ಲಿ ಅದೇ ಸಂಖ್ಯೆಯ ಬಣ್ಣವನ್ನೇ ಬೆರೆಸಿಕೊಟ್ಟರೂ ಒಂದು ಡಬ್ಬಿಗೂ ಇನ್ನೊಂದಕ್ಕೂ ಎಳೆಯಷ್ಟು ಭೇದ ಬರುವುದುಂಟು. ಮೊದಲೇ ಎಲ್ಲವನ್ನೂ ತಂದು ಒಂದೇ ಬಕೆಟ್ಟಿನಲ್ಲಿ ಕಲಸಿದ್ದರೆ ಆ ತೊಡಕಿರುತ್ತಿರಲಿಲ್ಲವೆಂದು ಅವನೇ ಹೇಳಿದನು. ಹೊಸ ಬಣ್ಣವನ್ನು ಮೂಲೆಯಿಂದ ಆರಂಭಿಸಿದ್ದರಿಂದ ಭೇದವು ನಮ್ಮ ಕಣ್ಣಿಗಂತೂ ಕಾಣಲಿಲ್ಲ.

ತಾಯಿಯವರು ಬಂದ ದಿನ ಅವನು ಕೂಲಿಗಾಗಿ ಬಂದಿದ್ದನು. ಅವರು ಕೋಣೆಯ ನಡುವೆ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ, “ಚೆನ್ನಾಗಿದೆ ಮಗು. ಆದರೆ ಆ ಒಂದು ಗೋಡೆ ಬೇರೆ ಬಣ್ಣವೇನು?” ಎಂದರು. ಪೊರೆ ತೆಗೆದ ಕಣ್ಣಿಗೆ ಬಣ್ಣಗಳು ನಿಚ್ಚಳವಾಗಿ ತೋರುವುವೆಂದು ವೈದ್ಯರು ಹೇಳಿದ್ದು ನಮಗೆ ಆಗ ನೆನಪಾಯಿತು. ನಾವು ಬಾಯಿ ತೆರೆಯುವ ಮೊದಲೇ ಅವನು ನಮ್ಮ ಕಡೆ ನೋಡದೆ, “ಕಿಟಕಿ ಬೆಳಕು ಆ ಕಡೆಯಿಂದ ಬೀಳ್ತದಲ್ಲ ಅಮ್ಮಾ, ಅದಕ್ಕೇ ಹಾಗೆ ಕಾಣ್ತದೆ” ಎಂದನು.